ಗಂಜಿ ನೂಲು

ಹುನಗುಂದದ ಪೇಟೆಯಲ್ಲಿ ನಜೀರಸಾಬ ದರ್ಜಿಯ ಹೊಲಿಗೆ ಅಂದರೆ ದೊಡ್ಡ ಹೆಸರು. ಅವನು ಹೊಲಿದುಕೊಟ್ಟ ಕುಪ್ಪಸದ ಬಟ್ಟೆ ಹರಿದೀತು, ಹೊಲಿಗೆ ಬಿಚ್ಚುವುದಿಲ್ಲ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ನಜೀರಸಾಬ ಕಟ್ಟೆಯ ಮೇಲೆ ಕೂತು, ಕೊರಳಿಗೆ ಅಳತೆಪಟ್ಟಿ ಇಳಿಬಿಟ್ಟುಕೊಂಡು, ಆ ಹೊಗಳಿಕೆಯನ್ನು ಎಲೆ ಅಡಿಕೆಯ ಜೊತೆಗೆ ಜಗಿಯುತ್ತಿದ್ದ. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಅವನ ಕೆಲಸ, ಅದರಲ್ಲಿ ಸುಳ್ಳಿಲ್ಲ. ಆದರೆ ಹೊಲಿಯುತ್ತಿದ್ದವಳು ಒಳಕೋಣೆಯಲ್ಲಿದ್ದ ಅವನ ವಿಧವೆ ತಂಗಿ ಬಿಬಿಜಾನ. ಇದು ಊರಿಗೆ ಗೊತ್ತಿರಲಿಲ್ಲ. ಗೊತ್ತುಮಾಡುವ ದರ್ದು ನಜೀರಸಾಬನಿಗೂ ಇರಲಿಲ್ಲ.

ಮಷಿನ್ನಾದರೂ ಅವನದೇ ಎಂದುಕೊಂಡೀರಿ. ಅದೂ ಅಲ್ಲ. ಬಿಬಿಜಾನಳ ನಿಕಾಹದ ದಿನ, ಹೆಂಡತಿಗೆ ಗಂಡ ಕೊಡಬೇಕಾದ ಮೆಹರ್ ಏನು ಎಂದು ಖಾಜಿ ಕೇಳಿದಾಗ ಮದುಮಗ ಹುಸೇನಪೀರ, "ಒಂದು ಹೊಲಿಗಿ ಮಷಿನ್" ಎಂದು ಬರೆಸಿದ್ದ. ಕೂತವರೆಲ್ಲ ನಕ್ಕಿದ್ದರಂತೆ. ಸೊಲ್ಲಾಪುರದಲ್ಲಿ ಆರು ವರ್ಷ ದರ್ಜಿ ಕೆಲಸ ಮಾಡಿ, ಹೊಟ್ಟೆಬಟ್ಟೆ ಕಟ್ಟಿ ಕೊಂಡ ಆ ಕೈಮಷಿನ್ನಿಗಿಂತ ಬೆಲೆಯ ವಸ್ತು ಅವನ ಬಳಿ ಬೇರೆ ಇರಲಿಲ್ಲ. ಮದುವೆಯಾದ ಮೂರನೆಯ ವರ್ಷ ಪ್ಲೇಗು ಬಂತು, ಹುಸೇನಪೀರ ಹೋದ. ಬಿಬಿಜಾನ ಮಷಿನ್ನನ್ನು ಗೋಣಿಯಲ್ಲಿ ಸುತ್ತಿ, ಚಕ್ಕಡಿಯಲ್ಲಿ ತೊಡೆಗೆ ಆನಿಸಿಕೊಂಡು ಅಣ್ಣನ ಮನೆಗೆ ಬಂದಳು. ಮಕ್ಕಳಿಲ್ಲ, ಮರಿಯಿಲ್ಲ. ನನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಈ ಭೂಮಿಯ ಮೇಲೆ ಇದ್ದದ್ದು ಅದೊಂದೇ.

ಹುಸೇನಪೀರ ಅವಳಿಗೆ ಹೊಲಿಯುವುದನ್ನಷ್ಟೇ ಕಲಿಸಿರಲಿಲ್ಲ, ಮಷಿನ್ನಿನ ಮರ್ಜಿಯನ್ನೂ ಕಲಿಸಿದ್ದ. ಮೇಲಿನ ದಾರ ಎರಡು ಪುಟ್ಟ ಬಿಲ್ಲೆಗಳ ನಡುವೆ ಒತ್ತಿಕೊಂಡು ಹಾದು ಸೂಜಿಗೆ ಇಳಿಯುತ್ತದೆ; ಆ ಬಿಲ್ಲೆಗಳನ್ನು ಬಿಗಿ, ಸಡಿಲ ಮಾಡಲು ಒಂದು ತಿರುಪು. ಕೆಳಗಿನ ದಾರ ಮಷಿನ್ನಿನ ಹೊಟ್ಟೆಯಲ್ಲಿ, ನೇಕಾರರ ಲಾಳಿಯಂಥದೇ ಬೆರಳುದ್ದದ ಲಾಳಿಯೊಳಗೆ ಇರುತ್ತದೆ. ಎರಡೂ ಎಳೆ ಬಟ್ಟೆಯ ದಪ್ಪದೊಳಗೇ ಕೂಡಬೇಕು. ಬಟ್ಟೆಯ ಕೆಳಗಡೆ ದಾರ ಕುಣಿಕೆ ಕುಣಿಕೆಯಾಗಿ ಬಿದ್ದರೆ ಮೇಲಿನ ದಾರ ಸಡಿಲ. ಮೇಲುಗಡೆ ಕುಣಿಕೆ ಕಂಡರೆ ಲಾಳಿಯದು ಸಡಿಲ.

"ತಿರಪಿಗೆ ಕೈ ಹಾಕೂದು ಕಡೀಕ," ಎನ್ನುತ್ತಿದ್ದ ಹುಸೇನಪೀರ. "ಮದಲ ದಾರ ನೋಡು. ಆಮ್ಯಾಲ ಸೂಜಿ ನೋಡು. ಬಿಲ್ಲಿ ನಡುವ ಕಸಾ ಐತೇನು ನೋಡು. ಏನೂ ಇಲ್ಲಂದ್ರ ಆಗ ತಿರಪು."

ನಜೀರಸಾಬನ ವಿದ್ಯೆ ಇದಕ್ಕೆ ತಿರುಗಾಮುರುಗಾ. ಹೊಲಿಗೆ ಕೆಟ್ಟರೆ ತಿರುಪು ಬಿಗಿ ಮಾಡು. ಇನ್ನೂ ಕೆಟ್ಟರೆ ಇನ್ನೂ ಬಿಗಿ ಮಾಡು. ಎರಡು ವರ್ಷದ ಹಿಂದೆ ಅವನು ಇಳಕಲ್ಲಿಗೆ ಹೋದವನು ಒಂದು ಲಡಿ ಮಗ್ಗದ ನೂಲು ತಂದಿದ್ದ. ರೀಲಿನ ದಾರಕ್ಕೇಕೆ ದುಡ್ಡು ಸುರಿಯಬೇಕು, ಸೀರೆಯನ್ನೇ ನೇಯುವ ನೂಲು ಕುಪ್ಪಸ ಹೊಲಿಯಲಾರದೇ ಎಂಬುದು ಅವನ ಲೆಕ್ಕ. ಆ ಸೀಮೆಯಲ್ಲಿ ಮನೆಮನೆಗೂ ಮಗ್ಗ, ಹಾಗಾಗಿ ಈ ಬುದ್ಧಿ ಅವನೊಬ್ಬನಿಗೇ ಹೊಳೆದದ್ದೂ ಅಲ್ಲ. ಆದರೆ ಮಗ್ಗದ ಮೇಲೆ ಎಳೆ ಗಟ್ಟಿ ನಿಲ್ಲಲಿ ಎಂದು ನೇಕಾರರು ನೂಲಿಗೆ ಗಂಜಿ ಕುಡಿಸಿರುತ್ತಾರೆ. ಮಷಿನ್ನಿನೊಳಗೆ ಆ ಒಣಗಿದ ಗಂಜಿ ಉದುರಿ, ಬಿಲ್ಲೆಗಳ ನಡುವೆ ಹಿಟ್ಟಾಗಿ ಕೂತುಬಿಟ್ಟಿತು. ಬಿಲ್ಲೆ ದಾರವನ್ನು ಹಿಡಿಯಲಿಲ್ಲ, ಹೊಲಿಗೆಯ ಕೆಳಗೆಲ್ಲ ಕುಣಿಕೆ ಬಿತ್ತು. ನಜೀರಸಾಬ ತಿರುಪು ತಿರುವಿದ, ದಾರ ಹರಿಯಿತು. ಮತ್ತೆ ಪೋಣಿಸಿದ, ಮತ್ತೆ ಹರಿಯಿತು. ಮಷಿನ್ನಿನ ವಂಶವನ್ನೆಲ್ಲ ಬೈದು ಅವನು ನಮಾಜಿಗೆ ಹೋದ.

ಅವನು ಬರುವಷ್ಟರಲ್ಲಿ ಬಿಬಿಜಾನ ತಿರುಪು ಬಿಚ್ಚಿ, ಬಿಲ್ಲೆಗಳನ್ನು ತಾಟಿನಲ್ಲಿ ಇಟ್ಟುಕೊಂಡು, ಸೀಮೆಎಣ್ಣೆಯ ಚಿಂದಿಯಿಂದ ಒರೆಸಿ, ಕೋಳಿಯ ಪುಚ್ಚದಿಂದ ಸಂದಿಗೊಂದಿಯ ಹಿಟ್ಟನ್ನೆಲ್ಲ ಕೆದಕಿ ತೆಗೆದು, ನೂಲಿನ ಗಂಜಿಯನ್ನೂ ಬಿಸಿನೀರಿನಲ್ಲಿ ಬಿಡಿಸಿದ್ದಳು. ಪಕ್ಕದಲ್ಲಿ ಕೂತು ಒಂದೊಂದೇ ಬಿಲ್ಲೆ ಎತ್ತಿಕೊಟ್ಟವಳು ನಜೀರಸಾಬನ ಮಗಳು ಸುಗರಾ, ಆಗ ಹದಿನೈದರ ಹುಡುಗಿ. ನಜೀರಸಾಬ ಬಂದು ಹಿಡಿಕೆ ತಿರುಗಿಸಿದ. ಹೊಲಿಗೆ ಮುತ್ತು ಪೋಣಿಸಿದಂತೆ ಬಂತು.

"ಕಂಡ್ರ್ಯಾ? ನಾ ತಿರುವಿದ ತಿರಪು ಈಗ ಕುಂತೈತಿ ನೋಡ್ರಿ," ಎಂದ.

ಬಿಬಿಜಾನ ಕೋಳಿಯ ಪುಚ್ಚವನ್ನು ಮೆಲ್ಲಗೆ ಚಿಂದಿಯಡಿ ಸರಿಸಿದಳು. ಸುಗರಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗು ಬಿಬಿಜಾನಳಿಗೆ ಊರ ಹೊಗಳಿಕೆಗಿಂತ ಹೆಚ್ಚಾಯಿತು.

ಅದೇ ಸುಗರಾಳಿಗೆ ಈಗ ಇಳಕಲ್ಲಿನ ನೆಂಟಸ್ತನ ಬಂತು. ನಾಲ್ಕು ಮಗ್ಗದ ಧಣಿ ಅಕ್ಬರಸಾಬನ ಹಿರಿಯ ಮಗ, ಹುಡುಗ ಮುರ್ತುಜಸಾಬ. ಕಟ್ಟೆಯ ಮೇಲೆ ಮಾತುಕತೆ ನಡೆದಾಗ ಬಿಬಿಜಾನ ಬಾಗಿಲ ಪರದೆಯ ಹಿಂದೆ ನಿಂತು ಕೇಳುತ್ತಿದ್ದಳು. ಬಂಗಾರ ಬೇಡ, ಪಾತ್ರೆ ಬೇಡ ಎಂದ ಅಕ್ಬರಸಾಬ. ಎಂಥ ದೊಡ್ಡ ಮನಸ್ಸು ಎಂದು ಇವಳು ಅಂದುಕೊಳ್ಳುವಷ್ಟರಲ್ಲಿ ಅವನು, "ಹುಡುಗಿ ಕೂಡ ಆ ಮಷಿನ್ ಒಂದು ಕೊಟ್ಟಬಿಡ್ರಿ. ಸೀರಿ ಜೋಡಿ ಕುಪ್ಪಸಾನೂ ನಮ್ಮ ಮನ್ಯಾಗ ಹೊಲಿಸಿ ಮಾರಬೇಕಂತ ಭಾಳ ದಿನದಿಂದ ಆಸೆ ಐತಿ," ಎಂದ.

"ಅಷ್ಟ ಏನ್ರಿ? ಒಯ್ರಿ," ಎಂದ ನಜೀರಸಾಬ. ಒಂದು ತಾಟು ಅವಲಕ್ಕಿ ಕೊಟ್ಟಷ್ಟು ಹಗುರಾಗಿ ಅಂದ.

ನೆಂಟರು ಹೋದ ಮೇಲೆ ಬಿಬಿಜಾನ ಅಣ್ಣನೆದುರು ನಿಂತಳು. ಅವನೆದುರು ಹಾಗೆ ನಿಂತದ್ದು ಅದೇ ಮೊದಲು.

"ಭಾಯಿ, ಅದು ನನ್ನ ಮೆಹರ್."

"ಕೊಟ್ಟಾವನ ಇಲ್ಲ, ಇನ್ನ ಮೆಹರ್ ಎಲ್ಲೀದ? ಎಂಟು ವರ್ಷ ನಾ ಕೂಳು ಹಾಕಿಲ್ಲೇನು ನಿನಗ?"

"ಕೂತು ಉಂಡಿಲ್ಲ ನಾ. ಎಂಟು ವರ್ಷ ನಾನೂ ಹೊಲದೇನಿ."

"ಹಿಡಕಿ ತಿರುವಿದಿ. ಅದೇನ ದೊಡ್ಡ ವಿದ್ಯಾ? ಬಟ್ಟಿ ಕತ್ತರಸಾಂವ ನಾನು. ಹೊಲಿಗಿ ಕೆಟ್ರ ತಿರಪು ತಿರುವಾಂವನೂ ನಾನು."

ನಜೀರಸಾಬನ ಹೆಂಡತಿ ಕಾಸಿಂಬಿ ಒಲೆಯ ಮುಂದಿನಿಂದಲೇ ದನಿಗೂಡಿಸಿದಳು: "ಹುಡುಗಿ ಬಾಳೇಕಿಂತ ಕಬ್ಬಿಣ ದೊಡ್ಡದಾತೇನವ್ವಾ ನಿನಗ? ಹೆತ್ತಿದ್ರ ಗೊತ್ತಾಗ್ತಿತ್ತು."

ಬಿಬಿಜಾನ ಒಳಗೆ ಬಂದು ಮಷಿನ್ನಿನ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಸುಗರಾ ಬಂದು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು. ಬಿಬಿಜಾನಳ ಜೀವ ಕಿವಿಗೆ ಬಂದು ನಿಂತಿತು. ಫುಪ್ಪಿ, ಇದು ನಿನ್ನದು, ನನಗೆ ಬೇಡ ಎಂದು ಹುಡುಗಿ ಸೋದರತ್ತೆಗೆ ಒಂದು ಮಾತು ಅಂದಿದ್ದರೆ ಬಿಬಿಜಾನ ತಾನೇ ಗೋಣಿಯಲ್ಲಿ ಸುತ್ತಿ, ಚಕ್ಕಡಿಗೆ ಹೇರಿ ಕಳಿಸುತ್ತಿದ್ದಳು. ಬೇಕಾಗಿದ್ದದ್ದು ಆ ಒಂದು ಮಾತು.

"ಫುಪ್ಪಿ, ನಾ ಇದನ್ನ ಛಲೋ ನೋಡ್ಕೋತೇನಿ," ಎಂದಳು ಸುಗರಾ. "ಶುಕ್ರವಾರಕ್ಕೊಮ್ಮೆ ಎಣ್ಣಿ ಬಿಡ್ತೇನಿ. ನೀ ಕಾಳಜಿ ಮಾಡಬ್ಯಾಡ."

ಹುಡುಗಿಯ ಕಣ್ಣಲ್ಲಿ ಕಪಟವಿರಲಿಲ್ಲ. ಹದಿನೇಳರ ವಯಸ್ಸು, ಗಂಡನ ಮನೆಯ ಕನಸು ತಲೆಗೇರಿತ್ತು. ಬಿಬಿಜಾನ ಅವಳ ತಲೆ ಸವರಿದಳು. ಆದರೆ ಮನಸ್ಸು ಹುಳಿಯಾಯಿತು, ಅದು ಮತ್ತೆ ಸಿಹಿಯಾಗಲಿಲ್ಲ.

ಮಂಗ್ನಿಯ, ಅಂದರೆ ನಿಶ್ಚಿತಾರ್ಥದ, ದಿನ ಇಳಕಲ್ಲಿನಿಂದ ಎರಡು ಚಕ್ಕಡಿ ತುಂಬ ಬೀಗರು ಬಂದರು. ಅವರ ಮನೆತನದಲ್ಲಿ ಒಂದು ರೂಢಿ. ಹುಡುಗನ ತಾಯಿ ಕುಪ್ಪಸದ ಖಣ ತರಬೇಕು, ತಮ್ಮ ಮಗ್ಗದ ಮೇಲಿನ ನೂಲನ್ನೇ ತರಬೇಕು, ಹುಡುಗಿಯ ಮನೆಯಲ್ಲಿ ಎಲ್ಲರ ಕಣ್ಣೆದುರು ಆ ನೂಲಿನಿಂದಲೇ ಕುಪ್ಪಸ ಹೊಲಿಸಬೇಕು. ಹುಡುಗಿ ಅದನ್ನು ತೊಟ್ಟು ಬಂದ ಮೇಲೆ ಬಾಯಿಗೆ ಸಕ್ಕರೆ ಹಾಕಿದರೆ ಮಂಗ್ನಿ ಆದಂತೆ. ಇದುವರೆಗೆ ಕೈಯಿಂದ ಹೊಲಿಸುತ್ತಿದ್ದರಂತೆ. ದರ್ಜಿಯ ಮನೆಯಿಂದ, ಅದೂ ಮಷಿನ್ ಸಮೇತ ಬರುವ ಸೊಸೆ, ಅವಳ ಕುಪ್ಪಸವನ್ನು ಅವಳಪ್ಪ ಮಷಿನ್ನಿನ ಮೇಲೇ ಹೊಲಿಯಲಿ ಎಂದಳು ಹುಡುಗನ ತಾಯಿ ಮೌಲಾಬಿ.

ಮದುವಣಗಿತ್ತಿಯ ಬಟ್ಟೆಗೆ ಗಂಡನಿಲ್ಲದವಳ ಕೈ ಸೋಕಬಾರದು. ಇದನ್ನು ಯಾರೂ ಹೇಳಬೇಕಾಗಿರಲಿಲ್ಲ, ಆದರೂ ಕಾಸಿಂಬಿ ಬೆಳಿಗ್ಗೆಯೇ ಹೇಳಿದಳು. "ನೀ ಇವತ್ತ ಒಲಿ ಮುಂದ ಇರವಾ, ಬಿಬಿಜಾನ. ಪಡಸಾಲಿಗೆ ಬರಬ್ಯಾಡ." ಎಂಟು ವರ್ಷದಲ್ಲಿ ಹುನಗುಂದದ ಮದುವಣಗಿತ್ತಿಯರ ಕುಪ್ಪಸಗಳನ್ನೆಲ್ಲ ಹೊಲಿದವಳು ಇದೇ ಬಿಬಿಜಾನ. ಕಾಣದಿರುವಾಗ ಸೋಕಿದ ಕೈ ಯಾರಿಗೂ ಸೋಕಿರಲಿಲ್ಲ, ನೋಡಿ.

ಅವಳು ಅಡುಗೆಮನೆಯಲ್ಲಿ ಚಹದ ನೀರು ಕಾಯಿಸುತ್ತಿದ್ದಾಗ ಸುಗರಾ ಹಿಂಬಾಗಿಲಿನಿಂದ ಸರಸರನೆ ಬಂದಳು. ತಲೆ ತುಂಬ ಹೂವು, ಕೈ ತುಂಬ ಹಸಿರು ಬಳೆ. ಬೆರಳಿಗೆ ಒಂದು ಮೊಳ ಕೆಂಪು ನೂಲು ಸುತ್ತಿಕೊಂಡಿದ್ದಳು.

"ಫುಪ್ಪಿ, ಅವರು ತಂದ ನೂಲು ಇದ. ಗಂಜೀದ ಅನಸ್ತೈತಿ ನನಗ. ನಡೀತೈತೇನು?"

ಬಿಬಿಜಾನ ನೂಲನ್ನು ಎರಡು ಉಗುರುಗಳ ನಡುವೆ ಎಳೆದು ನೋಡಿದಳು. ಎಳೆ ಚರಚರ ಎಂದಿತು. ಉಗುರಿನ ತುದಿಗೆ ಬಿಳಿ ಪುಡಿ ಹತ್ತಿತು. ನೂಲು ಹೊಸ ಗಂಜಿಯದು, ಗಟ್ಟಿ ಗಂಜಿಯದು. ಬೀಗರು ಮರ್ಯಾದೆಗೆಂದು ಎರಡು ಸಲ ಕುಡಿಸಿದ್ದರೋ ಏನೋ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಲಡಿಯನ್ನು ಅದರಲ್ಲಿ ಎರಡು ಸಲ ಅದ್ದಿ ಹಿಂಡಿ, ಬಿಸಿಲಿಗೆ ಒಂದು ಗಳಿಗೆ ಹರವಿ, ಅಂಗೈಯ ಎಣ್ಣೆ ಸವರಿದ್ದರೆ ಸಾಕಿತ್ತು. ಮೌಲಾಬಿಗೂ ಬೇಸರವಾಗುತ್ತಿರಲಿಲ್ಲ, ನೇಕಾರರ ಹೆಣ್ಣುಮಗಳಿಗೆ ನೂಲು ತೊಳೆಯುವುದು ಹೊಸದೇನಲ್ಲ.

ಆಗ ಅವಳ ತಲೆಯಲ್ಲಿ ಓಡಿದ್ದು ಇಷ್ಟೇ: ಹೊಲಿಗೆ ಕೆಡಲಿ. ಈ ಮಷಿನ್ ನೆಟ್ಟಗಿಲ್ಲ, ನಮಗೆ ಬೇಡ, ಅದರ ಬದಲು ಎರಡು ಬೆಳ್ಳಿ ಕಡಗ ಹಾಕಿ ಎಂದು ಬೀಗರು ಅನ್ನಲಿ. ಸುಗರಾ ಹೋಗುತ್ತಾಳೆ, ಮಷಿನ್ ಉಳಿಯುತ್ತದೆ. ಯಾರಿಗೆ ಏನು ನಷ್ಟ?

"ತೊಳದಾರ ಇದನ್ನ," ಎಂದಳು ಬಿಬಿಜಾನ. "ನಡೀತೈತಿ. ಹೋಗು."

ಸುಗರಾಳ ಮುಖ ಅರಳಿತು. ಫುಪ್ಪಿ ಅಂದ ಮೇಲೆ ಮುಗಿಯಿತು. ಬಳೆ ಸದ್ದು ಮಾಡಿಕೊಂಡು ಓಡಿದಳು.

ಪಡಸಾಲೆಯಲ್ಲಿ ನಜೀರಸಾಬ ಹೊಸ ರುಮಾಲು ಸುತ್ತಿ ಮಷಿನ್ನಿನ ಮುಂದೆ ಕೂತಿದ್ದ. ಲಾಳಿಗೂ ಅದೇ ನೂಲು, ಸೂಜಿಗೂ ಅದೇ ನೂಲು. ಅಡುಗೆಮನೆಯ ಗೋಡೆಗೆ ಆತು ನಿಂತ ಬಿಬಿಜಾನ ಕಿವಿಯಿಂದಲೇ ಎಲ್ಲವನ್ನೂ ನೋಡಿದಳು. ಮೊದಲು ಒಂದು ಗೇಣು ಸಲೀಸು. ಆಮೇಲೆ ಮಷಿನ್ನಿನ ಸದ್ದು ಸಡಿಲಾಯಿತು. ಕುಣಿಕೆ ಬೀಳುತ್ತಿದೆ ಎಂದುಕೊಂಡಳು.

"ಕೆಳಗ ಎಲ್ಲಾ ಗಂಟು ಬಿದ್ದಾವಲ್ರೀ," ಎಂದಳು ಮೌಲಾಬಿ.

"ತಿರಪು ಒಂಚೂರು ಸಡ್ಲ ಆಗೇತಿ, ಈಗ ನೋಡ್ರಿ," ಎಂದ ನಜೀರಸಾಬ. ಒಂದು ಸುತ್ತು ಬಿಗಿದ. ಹಿಡಿಕೆ ತಿರುಗಿತು. ಟಪ್ ಎಂದು ಎಳೆ ಹರಿಯಿತು. ಅವನು ನಕ್ಕು, ಮತ್ತೆ ಪೋಣಿಸಿ, ಇನ್ನೊಂದು ಸುತ್ತು ಬಿಗಿದ. ಎರಡನೆಯ ಸಲ ಹರಿದಾಗ ಬೀಗರ ಹೆಂಗಸರು ಮುಂದೆ ಸರಿದು ಕೂತರು.

ಮೂರನೆಯ ಸಲ ಹರಿದಾಗ ಬೀಗರ ಕಡೆಯ ಮುದುಕಿಯೊಬ್ಬಳು, "ಯಾ ಅಲ್ಲಾ," ಎಂದಳು.

ಗೋಡೆಯ ಈಚೆ ಬಿಬಿಜಾನ ಕಿವಿಯನ್ನು ಗೋಡೆಗೆ ಒತ್ತಿದಳು. ಮುದುಕಿಯ ದನಿಯಲ್ಲಿ ಮಷಿನ್ನಿನ ಮಾತಿರಲಿಲ್ಲ, ಶಕುನದ ಭಯವಿತ್ತು.

"ನಮ್ಮ ಮಗ್ಗದ ನೂಲು ಮೂರು ಸಲ ಹರೀತು," ಎಂದಳು ಮೌಲಾಬಿ ಸಾವಕಾಶವಾಗಿ. "ಮದಿಮಗಳ ಕುಪ್ಪಸದಾಗ."

"ಏ, ಮಗ್ಗದಾಗ ದಿನಾ ನೂರು ಎಳಿ ಹರೀತಾವ. ಅದಕ್ಯಾಕ ಇಷ್ಟು..." ಎಂದು ಅಕ್ಬರಸಾಬ ಶುರುಮಾಡಿದ.

"ಮಗ್ಗದಾಗ ಹರದ್ರ ಕೂಡಸ್ತೀವಿ. ಇದನ್ನ ಹ್ಯಾಂಗ ಕೂಡಸ್ತೀರಿ? ನಾಳೆ ನನ್ನ ಮಗಗ ಏನರ ಆದ್ರ?"

ಈಗಲಾದರೂ ಹೋಗಬೇಕಿತ್ತು. ಹತ್ತು ಹೆಜ್ಜೆ. ಪಡಸಾಲೆಗೆ ಹೋಗಿ, ನೂಲಿನಲ್ಲಿ ಗಂಜಿ ಇದೆ, ಶಕುನವಲ್ಲ, ಮಣ್ಣಲ್ಲ, ಬಿಸಿನೀರು ಕೊಡಿ ತೋರಿಸುತ್ತೇನೆ ಎನ್ನಬೇಕಿತ್ತು. ಆದರೆ ಮಂಗ್ನಿಯ ಮನೆಯಲ್ಲಿ ವಿಧವೆ ಎದುರು ಬಂದು ನಿಂತರೆ ಇನ್ನೂ ಕೆಟ್ಟದಾಗುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಗೋಡೆ ಹಿಡಿದು ನಿಂತಳು. ನಿಜ ಹೇಳಬೇಕೆಂದರೆ ಅದು ನೆಪ. ಹೋದರೆ, ತೊಳೆದಿದ್ದಾರೆ ಎಂದು ಯಾಕೆ ಹೇಳಿದೆ ಎಂದು ಸುಗರಾ ಕೇಳುತ್ತಾಳೆ. ಅದಕ್ಕೆ ಹೆದರಿದಳು.

ಚಕ್ಕಡಿಗಳು ಚಹ ಕುಡಿಯದೆ ಹೊರಟವು. ಸಕ್ಕರೆಯ ಬಟ್ಟಲು ಮುಚ್ಚಿದ್ದಲ್ಲೇ ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ ಕಾಸಿಂಬಿಯ ಅಳು ಸಿಟ್ಟಿಗೆ ತಿರುಗಿತು. "ಇದು ನಿಮ್ಮ ತಂಗೀದ ಕೆಲಸ! ಅಕಿಗೆ ಮಷಿನ್ ಕೊಡೂ ಮನಸಿರಲಿಲ್ಲ. ಏನೋ ಮಾಡಿಟ್ಟಾಳ ಅದಕ್ಕ. ಕೇಳ್ರಿ ಅಕೀನ್ನ!"

ನಜೀರಸಾಬನ ಮುಖ ಕಪ್ಪಿಟ್ಟಿತ್ತು. ಇಷ್ಟು ಜನರೆದುರು ಮಾನ ಹೋಗಿತ್ತು, ಅದನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಹೊರಗ ಬಾ, ಬಿಬಿಜಾನ. ಖರೆ ಹೇಳು. ಈ ಮಷಿನ್ ಹಿಂಗ ಮಾಡ್ತೈತಿ ಅಂತ ನಿನಗ ಗೊತ್ತಿತ್ತೇನು? ಗೊತ್ತಿದ್ದೂ ಸುಮ್ಮನಿದ್ದಿ ಅಂದ್ರ ಈಗಿಂದೀಗ ಈ ಮನಿ ಬಿಡಬೇಕು. ಆ ಕಬ್ಬಿಣಾನೂ ಬಾವಿಗೆ ಒಗೀತೇನಿ."

ಬಿಬಿಜಾನ ಪಡಸಾಲೆಗೆ ಬಂದಳು. ಸುಗರಾ ಮಷಿನ್ನಿನ ಮುಂದೆ ಕೂತಿದ್ದಳು. ತಿರುಪು ಬಿಚ್ಚಿ, ಎರಡು ಬಿಲ್ಲೆಗಳನ್ನೂ ಉಡಿಯಲ್ಲಿ ಇಟ್ಟುಕೊಂಡಿದ್ದಳು. ಅವಳ ತೋರುಬೆರಳಿನ ತುದಿ ಬೆಳ್ಳಗಾಗಿತ್ತು. ಆ ಬೆರಳನ್ನು ನೋಡಿದಳು, ಆಮೇಲೆ ಅತ್ತೆಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಬಿಬಿಜಾನ ತಡೆದುಕೊಳ್ಳುತ್ತಿದ್ದಳು. ಸಿಟ್ಟಿರಲಿಲ್ಲ, ಯಾರೋ ಗುರುತಿಲ್ಲದವಳನ್ನು ನೋಡಿದಂತಿತ್ತು.

ಗೊತ್ತಿತ್ತು ಎಂದು ಹೇಳಲು ಬಿಬಿಜಾನ ಬಾಯಿ ತೆರೆದಳು. ಖರೆಯಾಗಿಯೂ ತೆರೆದಳು.

"ಅಕಿಗೇನ ಗೊತ್ತು, ಅಬ್ಬಾ?" ಎಂದಳು ಸುಗರಾ. "ಫುಪ್ಪಿಗೆ ಹಿಡಕಿ ತಿರವೂದಷ್ಟ ಗೊತ್ತು. ಮಷಿನ್ ಒಳಗಿನ ಕೆಲಸ ಅಕಿಗೆ ಬರೂದಿಲ್ಲ. ಆಗ ಎರಡು ವರ್ಷದ ಹಿಂದ ಕೆಟ್ಟಿತ್ತಲ್ಲ, ಬಿಚ್ಚಿ ಒರಸಿ ಕೂಡಸಿದಾಕಿ ನಾನು. ಅಕಿ ಬರೇ ನೋಡ್ಕೋತ ಕುಂತಿದ್ಲು."

"ನೀನಾ?" ಎಂದ ನಜೀರಸಾಬ.

"ನಾನ. ನೂಲಿನ ಗಂಜಿ ಬಿಲ್ಲ್ಯಾಗ ತುಂಬೇತಿ, ನೋಡ್ರಿ. ಇವತ್ತ ಹೇಳಬೇಕಂದ್ರ ನಾ ಮದಿಮಗಳು, ಬಾಯಿ ತೆಗೀಲಿಕ್ಕಾಗಲಿಲ್ಲ."

ನಜೀರಸಾಬ ಬಿಲ್ಲೆಗಳನ್ನು ನೋಡಿದ, ಪುಡಿಯನ್ನು ಮುಟ್ಟಿ ನೋಡಿದ, ನಂಬಿದ. ನಂಬುವುದು ಅವನಿಗೆ ಕಷ್ಟವಾಗಲಿಲ್ಲ. ತಂಗಿಗೆ ಏನೂ ಬರುವುದಿಲ್ಲ ಎಂದು ಅವನು ಮೊದಲಿನಿಂದಲೂ ಹೇಳುತ್ತ ಬಂದವನೇ. ಇಳಕಲ್ಲಿಗೆ ಆಳು ಅಟ್ಟಿ, ಗಂಜಿಯ ವಿಷಯ ತಿಳಿಸಿ ನೋಡಿದ. ಶಕುನ ಆದ ಮೇಲೆ ಹೇಳುವ ಕಾರಣವೆಲ್ಲ ನೆವವೇ ಎಂದು ಮೌಲಾಬಿ ಹೇಳಿ ಕಳಿಸಿದಳು. ಮಾತು ಅಲ್ಲಿಗೆ ಮುಗಿಯಲಿಲ್ಲ; ನೂಲು ಹರಿದ ಹುಡುಗಿ ಎಂದು ಬಾಗಲಕೋಟೆಯವರೆಗೂ ಹೋಯಿತು.

ಅಂದು ಎಲ್ಲರೂ ಅತ್ತಿತ್ತ ಸರಿದ ಮೇಲೆ ಬಿಬಿಜಾನ ಮಷಿನ್ನಿನ ಹತ್ತಿರ ಕುಕ್ಕರಿಸಿದಳು. "ಸುಗರಾ, ನಾನು..." ಎಂದಳು.

"ತೊಳದಾರ ಅಂದಿ," ಎಂದಳು ಸುಗರಾ. ಅಷ್ಟೇ ಅಂದಳು. ಬಿಲ್ಲೆಗಳನ್ನು ಒರೆಸಿ, ಒಂದರ ಬೆನ್ನಿಗೆ ಒಂದು ಕೂಡಿಸಿ, ತಿರುಪನ್ನು ಎಷ್ಟು ಬೇಕೋ ಅಷ್ಟೇ ತಿರುವಿದಳು. ಬಿಬಿಜಾನ ಕಲಿಸಿದ ಹಾಗೆಯೇ ತಿರುವಿದಳು, ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆಯಿಲ್ಲ.

ಮರುದಿನದಿಂದ ಮಷಿನ್ನಿನ ಮುಂದೆ ಸುಗರಾಳೇ ಕೂತಳು. ಕೆಲಸ ಬಲ್ಲವಳು ಇರುವಾಗ ಬಾರದವಳು ಯಾಕೆ ಕೂರಬೇಕು ಎಂದ ನಜೀರಸಾಬ. ಬಿಬಿಜಾನ ಒಲೆಗೆ ಹೋದಳು, ಬೀಸುಕಲ್ಲಿಗೆ ಹೋದಳು, ಬಾವಿಗೆ ಹೋದಳು. ನನಗೆ ಬರುತ್ತದೆ, ನನ್ನ ಗಂಡ ಕಲಿಸಿದ್ದಾನೆ ಎಂದು ಹೇಳಲು ನಾಲಿಗೆಯ ತುದಿಗೆ ಬರುತ್ತಿತ್ತು. ಬರುತ್ತದೆ ಎಂದರೆ ಅಂದು ಗೊತ್ತಿತ್ತು ಎಂದಂತೆ. ನುಂಗಿಕೊಳ್ಳುತ್ತಿದ್ದಳು. ಸುಗರಾ ಅವಳಿಗೆ ಅನ್ನ ಬಡಿಸುತ್ತಿದ್ದಳು, ಜ್ವರ ಬಂದಾಗ ಕಷಾಯ ಕಾಸಿಕೊಡುತ್ತಿದ್ದಳು, ಮಷಿನ್ನಿನ ಹತ್ತಿರ ಮಾತ್ರ ಕರೆಯುತ್ತಿರಲಿಲ್ಲ.

ಸುಗರಾಳಿಗೆ ಬೇರೆ ನೆಂಟಸ್ತನ ಬರಲಿಲ್ಲ. ಒಂದು ವರ್ಷ ಹೋಯಿತು, ನಾಲ್ಕು ಹೋದವು. ತಂಗಿಯ ಹೆಸರನ್ನು ಎಂಟು ವರ್ಷ ಬಾಯಿಗೆ ತಾರದ ನಜೀರಸಾಬ ಈಗ ಕಟ್ಟೆಯ ಮೇಲೆ ಕೂತು, "ನನ್ನ ಮಗಳು ಹೊಲೀತಾಳ್ರಿ, ಗಂಡಸರ ಕೈಲೆ ಆಗೂದಿಲ್ಲ ಅಂಥ ಹೊಲಿಗಿ," ಎಂದು ಸಾರುತ್ತಿದ್ದ. ಹಾಗಾಗಿ ಹೆಂಗಸರು ಈಗ ಒಳಗೇ ಬಂದು ಕೂರುತ್ತಿದ್ದರು.

ಒಂದು ದಿನ ಮೇಲಿನ ಓಣಿಯ ಬಸಲಿಂಗವ್ವ ಮೊಮ್ಮಗಳ ಮದುವೆಯ ಖಣ ತಂದಳು. ಸುಗರಾ ಹೊಲಿದುಕೊಟ್ಟ ಕುಪ್ಪಸವನ್ನು ತಿರುವಿ ಮುರುವಿ ನೋಡಿದಳು, ಎದೆಗೆ ಹಿಡಿದು ನೋಡಿದಳು. ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಬಿಬಿಜಾನಳ ಕಡೆ ತಿರುಗಿ, ಮುದುಕಿಯ ಸಲಿಗೆಯಿಂದ ಅಂದಳು:

"ಇಷ್ಟು ವರ್ಷ ಮನ್ಯಾಗ ಇಂಥ ಮಷಿನ್ ಇಟ್ಕೊಂಡು, ನೀನೂ ಒಂಚೂರು ಕಲೀಬಾರದೇನ ಬಿಬಿಜಾನ? ಅಣ್ಣನ ಮಗಳ ಕಡಿಂದರ ಕಲಿಯವ್ವಾ."

ಸುಗರಾಳ ಕೈ ಹಿಡಿಕೆಯ ಮೇಲೆ ನಿಂತಿತು. ಅವಳು ತಲೆ ಎತ್ತಲಿಲ್ಲ. ಅತ್ತೆ ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದಳು.

"ನನಗ ಬರೂದಿಲ್ರಿ," ಎಂದಳು ಬಿಬಿಜಾನ.

ಹಿಡಿಕೆ ಮತ್ತೆ ತಿರುಗತೊಡಗಿತು.